ಪೊಪೊವೊ: ನೀರು ಗಡಿ ಹಾಕಿದ ನಾಡು

ಬೋಸ್ನಿಯಾದ ಮಧ್ಯಯುಗವನ್ನು ಹೇಳಹೊರಟ ಪುಸ್ತಕಗಳಲ್ಲಿ ಹೆಚ್ಚಾಗಿ ಮೂರು ಹೆಸರುಗಳು ಮೇಲೆದ್ದು ಕಾಣುತ್ತವೆ. ಮೊದಲನೆಯವನು ಬಾನ್ ಕುಲಿನ್ (ಕಿರೀಟಧಾರಿ ದೊರೆಗಳು ಬರುವ ಮುನ್ನ ಬೋಸ್ನಿಯಾ ಆಳಿದವರ ಬಿರುದು ಬಾನ್). 1189ರ ಆಗಸ್ಟ್ 29ರಂದು ಡುಬ್ರೊವ್ನಿಕ್ ನಗರದ ವರ್ತಕರಿಗೆ ತನ್ನ ಸೀಮೆಯಲ್ಲಿ ತಡೆಯಿಲ್ಲದೆ ವ್ಯಾಪಾರ ಮಾಡಿಕೊಳ್ಳಿ ಎಂದು ಪತ್ರ ಬರೆದುಕೊಟ್ಟವನು. ಎರಡನೆಯವನು 1377ರಲ್ಲಿ ಕಿರೀಟ ತೊಟ್ಟ ದೊರೆ ತ್ವರ್ತ್ಕೊ. ಮೂರನೆಯವನು ಸ್ತ್ಯೆಪಾನ್ ತೊಮಾಶೆವಿಚ್, 1463ರಲ್ಲಿ ಒಟ್ಟೊಮನ್ ಸುಲ್ತಾನ ಎರಡನೇ ಮೆಹ್ಮದನ ಕೈಗೆ ಸಿಕ್ಕು ತಲೆ ಕಳೆದುಕೊಂಡ ಕೊನೆಯ ಅರಸ. ಈ ಮೂವರ ನಡುವಿನ ಇನ್ನೂರ ಎಪ್ಪತ್ತು ವರ್ಷಗಳಲ್ಲಿ ಉತ್ತವರು, ಕುರಿ ಕಾಯ್ದವರು, ಉಪ್ಪು ಹೊತ್ತವರು, ಸತ್ತವರ ಮೇಲೆ ಬಂಡೆಯಂಥ ಕಲ್ಲುಗಳನ್ನು ನಿಲ್ಲಿಸಿದವರು ಎಲ್ಲಿದ್ದರು ಎಂದು ಕೇಳಿದರೆ ಅರಮನೆಯ ಚರಿತ್ರೆಯಿಂದ ಉತ್ತರ ಸಿಗುವುದಿಲ್ಲ. ಅವರಿದ್ದದ್ದು ಝೂಪಾಗಳಲ್ಲಿ. ನಮ್ಮ ಒಂದು ಹೋಬಳಿಯಷ್ಟೋ ಎರಡು ಹೋಬಳಿಯಷ್ಟೋ ಇರಬಹುದಾದ ಗ್ರಾಮೀಣ ಸೀಮೆಗೆ ಅಲ್ಲಿ ಝೂಪಾ ಎನ್ನುತ್ತಿದ್ದರು.

ಅಂಥ ಝೂಪಾಗಳಲ್ಲಿ ಪೊಪೊವೊ ಒಂದು. ಇಂದಿನ ಹರ್ಜೆಗೊವಿನಾದ ದಕ್ಷಿಣ ತುದಿಯಲ್ಲಿ, ಟ್ರೆಬಿನ್ಯೆ ಪಟ್ಟಣದ ಕಡೆಯಿಂದ ವಾಯವ್ಯಕ್ಕೆ ಹುತೊವೊವರೆಗೆ ಚಾಚಿಕೊಂಡ ಉದ್ದನೆಯ ಬಯಲು ಅದು. ದಕ್ಷಿಣದ ಗುಡ್ಡಸಾಲು ದಾಟಿದರೆ ಏಡ್ರಿಯಾಟಿಕ್ ಸಮುದ್ರ. ಇಷ್ಟು ಹತ್ತಿರದಲ್ಲಿ ಸಮುದ್ರವಿದ್ದರೂ ಅಲ್ಲಿಯ ನದಿ ಭೂಮಿಯ ಮೇಲೆ ಹರಿದು ಸಮುದ್ರ ಸೇರುವುದಿಲ್ಲ. ಪೊಪೊವೊದ ಇಡೀ ಚರಿತ್ರೆಗೆ ಈ ಸಂಗತಿಯೇ ಬುನಾದಿ ಎಂಬುದು ನನ್ನ ಅಭಿಪ್ರಾಯ. ದೊರೆಗಳು ಬದಲಾದರು, ಧರ್ಮಪೀಠಗಳು ಬದಲಾದವು, ಕಂದಾಯ ವಸೂಲಿಗೆ ಬರುವವರ ಭಾಷೆ ಬದಲಾಯಿತು. ಝೂಪಾದ ಆಕಾರ ಮಾತ್ರ ಉಳಿಯಿತು. ಅದನ್ನು ಗೀಚಿದ್ದು ನೀರು.

ನದಿಯ ಹೆಸರು ತ್ರೆಬಿಶ್ನಿತ್ಸಾ. ಯುರೋಪಿನ ಅತಿ ದೊಡ್ಡ ಇಂಗುನದಿಗಳಲ್ಲಿ ಇದೂ ಒಂದು. ಆ ಪ್ರದೇಶವೆಲ್ಲ ಸುಣ್ಣಕಲ್ಲು. ಮಳೆನೀರು ಸಾವಿರಾರು ವರ್ಷಗಳಿಂದ ಕಲ್ಲನ್ನು ಕರಗಿಸಿ ನೆಲದೊಳಗೆ ಸುರಂಗ, ಗುಹೆ, ಬಿಲಗಳನ್ನು ಕೊರೆದಿದೆ. ಬಯಲಿನ ಅಂಚುಗಳಲ್ಲಿ, ನಡುವೆ, ನದಿಯ ಪಾತ್ರದಲ್ಲೇ ನೂರಾರು ಇಂಗುಬಿಲಗಳಿವೆ. ದೋಲ್ಯಾಶ್ನಿತ್ಸಾ, ಪೊನಿಕ್ವಾ ಅವುಗಳಲ್ಲಿ ದೊಡ್ಡವು. ಬೇಸಿಗೆಯಲ್ಲಿ ನದಿ ಹರಿಯುತ್ತಾ ಹೋದಂತೆ ಈ ಬಿಲಗಳು ಅದನ್ನು ಗುಟುಕು ಗುಟುಕಾಗಿ ಕುಡಿದು ಖಾಲಿ ಮಾಡುತ್ತಿದ್ದವು. ಕುಡಿದ ನೀರು ಬೆಟ್ಟದ ಹೊಟ್ಟೆಯೊಳಗೆ ಹರಿದು ಡುಬ್ರೊವ್ನಿಕ್ ಬಳಿಯ ಓಂಬ್ಲಾ ಬುಗ್ಗೆಯಲ್ಲಿ, ಸ್ಲಾನೊ ಕೊಲ್ಲಿಯ ಆಸುಪಾಸಿನಲ್ಲಿ, ಕೆಲವು ಕಡೆ ಸಮುದ್ರದ ತಳದಲ್ಲೇ ಮೇಲೆದ್ದು ಬರುತ್ತದೆ.

ಶರತ್ಕಾಲದ ಮಳೆ ಹಿಡಿದರೆ ಲೆಕ್ಕ ತಿರುಗಿಬೀಳುತ್ತಿತ್ತು. ಮೇಲಿನಿಂದ ಬರುವ ನೀರಿನ ವೇಗಕ್ಕೆ ಬಿಲಗಳು ಸಾಲದೆ ಬಯಲು ತುಂಬತೊಡಗುತ್ತಿತ್ತು. ಭೂಮಿಯೊಳಗಿನ ನೀರಿನ ಮಟ್ಟ ಏರಿದಾಗ ಬೇಸಿಗೆಯಲ್ಲಿ ನೀರು ನುಂಗಿದ ಕೆಲವು ಬಾಯಿಗಳೇ ನೀರನ್ನು ಉಗುಳುತ್ತಿದ್ದವು. ಬಯಲಿನ ಕೆಳಭಾಗ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಕೆರೆಯಾಗಿರುತ್ತಿತ್ತು. ಮೊನ್ನೆ ಉತ್ತ ಹೊಲದ ಮೇಲೆ ದೋಣಿ ಓಡಾಡುತ್ತಿತ್ತು. ವಸಂತ ಮುಗಿಯುವ ಹೊತ್ತಿಗೆ ನೀರು ಇಳಿಯುತ್ತಿತ್ತು. ಇಳಿಯುತ್ತಾ ಹದವಾದ ಮೆಕ್ಕಲುಮಣ್ಣಿನ ಪದರ ಬಿಟ್ಟುಹೋಗುತ್ತಿತ್ತು. ಆಮೇಲೆ ರೈತನ ಕೈಗೆ ಸಿಗುತ್ತಿದ್ದದ್ದು ಕೆಲವೇ ತಿಂಗಳು. ಬೇಗ ಬಿತ್ತಬೇಕು, ಬೇಗ ಮಾಗುವ ಧಾನ್ಯವನ್ನೇ ಬಿತ್ತಬೇಕು, ಮುಂದಿನ ಮಳೆಗೆ ಮುಂಚೆ ಕಟಾವು ಮುಗಿಸಬೇಕು. ನೀರು ಒಂದು ತಿಂಗಳು ತಡವಾಗಿ ಇಳಿದರೆ ಆ ವರ್ಷ ಕಣಜ ತುಂಬುತ್ತಿರಲಿಲ್ಲ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪೊಪೊವೊದ ನಕ್ಷೆ ನೋಡಬೇಕು. ವೆಲಿಚಾನಿ, ಮ್ರ್ಕೊನ್ಯಿಚಿ, ಪೋಲಿತ್ಸೆ, ಸ್ತ್ರುಯಿಚಿ, ದ್ರಾಚೆವೊ, ಚ್ವಾಲ್ಯಿನಾ, ಜಾವಾಲಾ, ರಾವ್ನೊ, ತ್ರ್ನ್‌ಚಿನಾ, ವೆಲ್ಯಾ ಮೆಜಾ. ಊರುಗಳು ಬಯಲಿನ ಎರಡು ದಡಗಳಲ್ಲಿ, ನೀರು ತಲುಪದ ಎತ್ತರದಲ್ಲಿ, ಕಲ್ಲುಗುಡ್ಡದ ಬುಡಕ್ಕೆ ಆತುಕೊಂಡಿವೆ. ನಡುವಿನ ಫಲವತ್ತಾದ ನೆಲದಲ್ಲಿ ಯಾರೂ ಮನೆ ಕಟ್ಟಲಿಲ್ಲ. ಗುಡಿ, ಸ್ಮಶಾನ, ದಾರಿ ಎಲ್ಲವೂ ಅಂಚಿನ ಗೆರೆಯಲ್ಲೇ. ಬಯಲು ಎಲ್ಲರಿಗೂ ಸೇರಿದ ಒಂದೇ ತಟ್ಟೆ. ಅದರ ಸುತ್ತ ಕುಳಿತವರೆಲ್ಲ ಒಂದೇ ಪ್ರವಾಹಕ್ಕೆ ಹೆದರುತ್ತಿದ್ದರು, ಒಂದೇ ವಾರದಲ್ಲಿ ನೇಗಿಲು ಹೂಡುತ್ತಿದ್ದರು. ಇಂಥವರಿಗೆ ಒಂದು ಆಡಳಿತ ಘಟಕ ಬೇಕೆಂದು ದೂರದ ದೊರೆ ಆಜ್ಞೆ ಹೊರಡಿಸಬೇಕಾಗಿರಲಿಲ್ಲ.

ನೀರು ಮೀನನ್ನೂ ತರುತ್ತಿತ್ತು. ಗಾವಿತ್ಸಾ ಎಂಬ ಬೆರಳುದ್ದದ ಮೀನು ಬೇಸಿಗೆ ಪೂರ್ತಿ ನೆಲದಡಿಯ ನೀರಿನಲ್ಲಿ, ಕತ್ತಲಲ್ಲಿ ಬದುಕಿರುತ್ತದೆ. ಬಯಲಿಗೆ ನೀರು ಬಂದಾಗ ಬಿಲಗಳಿಂದ ಹೊರಬಂದು ಮೇಯ್ದು, ನೀರು ಇಳಿಯುವಾಗ ಮತ್ತೆ ಒಳಗೆ ಹೋಗುತ್ತದೆ. ಹೋಗುವ ದಾರಿ ಒಂದೇ, ಆ ಬಿಲದ ಬಾಯಿ. ಊರಿನವರು ಅಲ್ಲೇ ಬಲೆ, ಕೂಳಿ ಒಡ್ಡಿ ಕಾಯುತ್ತಿದ್ದರು. ಹಿಡಿದ ಮೀನನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು, ಮಿಕ್ಕಿದ್ದನ್ನು ಮಾರುತ್ತಿದ್ದರು. ಲ್ಯುಬೊ ಮಿಚೆವಿಚ್ 1952ರಲ್ಲಿ ಪೊಪೊವೊ ಜನರ ಬದುಕು ಮತ್ತು ಆಚಾರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅಣೆಕಟ್ಟುಗಳು ಬರುವ ಮುಂಚಿನ ಆ ಬದುಕಿನ ದಾಖಲೆ ಸಿಕ್ಕಿರುವುದು ಭಾಗ್ಯವೆಂದೇ ಹೇಳಬೇಕು. ಮಧ್ಯಯುಗದ ರೈತನ ವರ್ಷಚಕ್ರವನ್ನು ಊಹಿಸಿಕೊಳ್ಳಲು ಅದಕ್ಕಿಂತ ಹತ್ತಿರದ ದಾರಿ ನಮಗಿಲ್ಲ.

ಇನ್ನು ಝೂಪಾದ ಒಳವ್ಯವಸ್ಥೆ. ಹಲವು ಊರುಗಳು ಸೇರಿ ಒಂದು ಝೂಪಾ. ಅದರ ಮುಖ್ಯಸ್ಥ ಝೂಪಾನ್. ಭೂಮಿ ಬಹುಪಾಲು ವಂಶಪಾರಂಪರ್ಯವಾಗಿ ಕುಲೀನ ಮನೆತನಗಳ ಹಿಡಿತದಲ್ಲಿತ್ತು. ಆ ಹಕ್ಕು ಗಟ್ಟಿಯಾದದ್ದು. ದೊರೆ ಕೂಡ ಸುಮ್ಮಸುಮ್ಮನೆ ಕಿತ್ತುಕೊಳ್ಳಲಾಗದಂಥದ್ದು. ಬಾನ್‌ಗಳೂ ಅರಸರೂ ಬರೆಸಿದ ಶಾಸನಪತ್ರಗಳಲ್ಲಿ ಸಾಕ್ಷಿಗಳ ಪಟ್ಟಿ ಇರುತ್ತದೆ. ಬೋಸ್ನಿಯಾದಿಂದ ಇಂಥವರು, ಉತ್ತರದ ಉಸೋರಾದಿಂದ ಇಂಥವರು, ಮುಂದೆ ಹರ್ಜೆಗೊವಿನಾ ಎನಿಸಿದ ಹುಮ್ ಸೀಮೆಯಿಂದ ಇಂಥವರು ಎಂದು ಪ್ರದೇಶವಾರು ಹೆಸರು. ಸ್ಥಳೀಯ ಮುಖಂಡರ ಒಪ್ಪಿಗೆಯಿಲ್ಲದೆ ಆ ರಾಜ್ಯ ನಡೆಯುತ್ತಿರಲಿಲ್ಲ ಎನ್ನುವುದಕ್ಕೆ ಆ ಪಟ್ಟಿಗಳೇ ಸಾಕ್ಷಿ. 14, 15ನೇ ಶತಮಾನಗಳಲ್ಲಿ ದೊಡ್ಡ ಪಾಳೆಯಗಾರರು ಬೆಳೆದಂತೆ ಝೂಪಾನ್‌ನ ಅಧಿಕಾರ ಅವರ ಕಡೆಗೆ ಹರಿಯಿತು. ಬಿರುದು ಮಾತ್ರ ಸಣ್ಣ ಮನೆತನಗಳಲ್ಲಿ ಉಳಿಯಿತು. ಈ ವ್ಯವಸ್ಥೆಯನ್ನು ಊರೂರಿನ ಮಟ್ಟದಲ್ಲಿ ಬಿಡಿಸಿ ತೋರಿಸಿದವರಲ್ಲಿ ಪಾವಾವೊ ಆಂಜೆಲಿಚ್ ಪ್ರಮುಖರು. 1982ರಲ್ಲಿ ಪ್ರಕಟವಾದ ಅವರ ಅಧ್ಯಯನಗಳು ಇಂದಿಗೂ ಈ ಕ್ಷೇತ್ರದ ಆಧಾರ.

ಪೊಪೊವೊದ ಹೆಸರು ಬಹಳ ಹಿಂದೆಯೇ ಬರಹಕ್ಕೆ ಬಂದಿದೆ. ಇಂದಿನ ಮಾಂಟೆನೆಗ್ರೊ ಕಡೆಯ ದುಕ್ಲ್ಯಾದ ಪಾದ್ರಿಯೊಬ್ಬ ಬರೆದನೆನ್ನಲಾದ ಲ್ಯಾಟಿನ್ ವೃತ್ತಾಂತದಲ್ಲಿ ಹುಮ್ ಸೀಮೆಯ ಝೂಪಾಗಳನ್ನು ಒಂದೊಂದಾಗಿ ಹೆಸರಿಸಲಾಗಿದೆ. ಸ್ತೋನ್, ಲೂಕಾ, ದುಬ್ರಾವಾಗಳ ಜೊತೆ ‘ಪಾಪಾವಾ’ ಎಂಬ ರೂಪದಲ್ಲಿ ನಮ್ಮ ಪೊಪೊವೊ ಕೂಡ ಇದೆ. ಆಗ ಹುಮ್ ಬೋಸ್ನಿಯಾಕ್ಕೆ ಸೇರಿರಲಿಲ್ಲ. 12ನೇ ಶತಮಾನದ ಕೊನೆಯ ಭಾಗದಲ್ಲಿ ಅದು ಸೆರ್ಬಿಯಾದ ನೆಮಾನ್ಯಿಚ್ ವಂಶದ ಕೈಗೆ ಹೋಯಿತು; ವಂಶಸ್ಥಾಪಕ ಸ್ತೆಫಾನ್ ನೆಮಾನ್ಯಾನ ಅಣ್ಣ ಮಿರೊಸ್ಲಾವ್ ಅಲ್ಲಿ ಆಳಿದ. 1219ರಲ್ಲಿ ಸೆರ್ಬಿಯಾದ ಸಂತ ಸಾವಾ ಹುಮ್‌ಗಾಗಿ ಆರ್ಥೊಡಾಕ್ಸ್ ಬಿಷಪ್ ಪೀಠವೊಂದನ್ನು ಕರಾವಳಿಯ ಸ್ತೋನ್‌ನಲ್ಲಿ ಸ್ಥಾಪಿಸಿದ. ಒಂದು ಶತಮಾನದ ನಂತರ ನೆಮಾನ್ಯಿಚರ ಹಿಡಿತ ಸಡಿಲವಾದಾಗ ಬ್ರಾನಿವೊಯೆವಿಚ್ ಸೋದರರು ಪೆಲ್ಯೆಶಾತ್ಸ್ ದ್ವೀಪಕಲ್ಪದಿಂದ ಹುಮ್‌ನೊಳಗೆ ಕೈಚಾಚಿದರು. ಡುಬ್ರೊವ್ನಿಕ್ ವರ್ತಕರಿಗೆ ಅವರ ಉಪಟಳ ತಡೆಯಲಾಗಲಿಲ್ಲ. 1326ರಲ್ಲಿ ಆ ನಗರವೂ ಬೋಸ್ನಿಯಾದ ಬಾನ್ ಎರಡನೇ ಸ್ತ್ಯೆಪಾನ್ ಕೊತ್ರೊಮಾನಿಚ್‌ನೂ ಕೂಡಿ ಸೋದರರನ್ನು ಮುರಿದರು. ಹುಮ್‌ನ ಬಹುಭಾಗ ಬೋಸ್ನಿಯಾದ ಪಾಲಾಯಿತು. ಪೊಪೊವೊ ಬೋಸ್ನಿಯಾದ ಝೂಪಾ ಆದದ್ದು ಹೀಗೆ. ಬಾನ್ ತನ್ನ ಸೋದರಿ ಕಾತರೀನಾಳನ್ನು ಹುಮ್‌ನ ಹಳೆಯ ರಾಜವಂಶದ ನಿಕೊಲಾನಿಗೆ ಕೊಟ್ಟಿದ್ದ. ಅವರ ಸಂತಾನದ ನಿಕೊಲಿಚ್ ಮನೆತನ ಮುಂದೆ ಪೊಪೊವೊದಲ್ಲಿ ಬೇರೂರಿತು. ಗೆದ್ದ ನೆಲವನ್ನು ಸಂಬಂಧ ಬೆಳೆಸಿ ಉಳಿಸಿಕೊಳ್ಳುವುದು ಆ ಕಾಲದ ರಾಜನೀತಿ.

ಆ ರಾಜನೀತಿಯನ್ನು ಒಂದು ಕಲ್ಲಿನ ಮೇಲೆ ಓದಬಹುದು. ವೆಲಿಚಾನಿಯಲ್ಲಿ ದೊರೆತ ಸಿರಿಲಿಕ್ ಲಿಪಿಯ ಸಮಾಧಿಶಾಸನ ಒಬ್ಬ ಹೆಣ್ಣುಮಗಳದು. ದೀಕ್ಷೆಯ ಹೆಸರು ಪೊಲಿಹ್ರಾನಿಯಾ, ಲೋಕದ ಹೆಸರು ರಾದಾಚಾ. ಅಂದರೆ ಬದುಕಿನ ಕೊನೆಯ ಭಾಗದಲ್ಲಿ ಆಕೆ ಸನ್ಯಾಸಿನಿಯಾಗಿದ್ದಳು. ಶಾಸನ ಆಕೆಯನ್ನು ಪರಿಚಯಿಸುವ ಕ್ರಮ ನೋಡಬೇಕು. ಮೊದಲು ದೇವರ ನಾಮಸ್ಮರಣೆ, ನಂತರ ಎರಡೂ ಹೆಸರು. ಆಮೇಲೆ ಆಕೆ ಝೂಪಾನ್ ನೇನಾತ್ಸ್ ಚಿಹೊರಿಚ್‌ನ ಗೃಹಿಣಿ ಎಂದಿದೆ. ಅದರ ಹಿಂದೆಯೇ ಗಂಡನ ಮನೆ ಕಡೆಯವರ ಹೆಸರುಗಳು, ಅವರವರ ಪದವಿಗಳ ಸಮೇತ. ಅಲ್ಲಿಂದ ತವರಿಗೆ ತಿರುಗಿ, ಝೂಪಾನ್ ಮಿಲ್ತೆನ್‌ನ ಮಗಳು, ಕಜ್ನಾತ್ಸ್ ಸಾಂಕೊನ ಸೋದರಿ ಎನ್ನುತ್ತದೆ. ಕಜ್ನಾತ್ಸ್ ಎಂದರೆ ಬೊಕ್ಕಸದ ಅಧಿಕಾರಿ. ಕಲ್ಲು ಹಾಕಿಸಿದವನು ಮಗ ದಾಬಿಝಿವ್, ತನ್ನ ಆಳುಕಾಳುಗಳ ನೆರವಿನಿಂದ. ಕಾಲ? ದೊರೆ ತ್ವರ್ತ್ಕೊನ ದಿನಗಳಲ್ಲಿ ಎಂದಷ್ಟೇ ಇದೆ. ಆತ ದೊರೆಯಾಗಿದ್ದದ್ದು 1377ರಿಂದ 1391ರವರೆಗೆ.

ನಾಲ್ಕಾರು ಸಾಲಿನ ಬರಹದಲ್ಲಿ ಎಷ್ಟೊಂದು ಅಡಗಿದೆ! ಎರಡು ಕುಲೀನ ಮನೆತನಗಳ ಬೀಗತನ ಇದೆ. ಅದರಲ್ಲಿ ಒಂದು, ಸಾಂಕೊನ ಮನೆತನ, ಆ ದಿನಗಳಲ್ಲಿ ಹುಮ್‌ನ ಬಲಿಷ್ಠರ ಸಾಲಿನಲ್ಲಿತ್ತು. ಝೂಪಾನ್ ಎಂಬ ಬಿರುದು ಗಂಡನಿಗೂ ಇತ್ತು, ತಂದೆಗೂ ಇತ್ತು. ಒಂದು ಸಣ್ಣ ಸೀಮೆಯ ಮುಖ್ಯಸ್ಥನ ಮನೆಗೆ ಇನ್ನೊಂದು ಸೀಮೆಯ ಮುಖ್ಯಸ್ಥನ ಮನೆಯಿಂದ ಹೆಣ್ಣು ಬರುತ್ತಿತ್ತು. ಆಸ್ಥಾನದ ಪದವಿಗಳನ್ನು ಈ ಹಳ್ಳಿಮೂಲೆಯವರು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು ಎಂದಮೇಲೆ ದೊರೆಯ ಆಡಳಿತ ಇಲ್ಲಿಯವರೆಗೆ ತಲುಪಿತ್ತು. ಸನ್ಯಾಸದ ಹೆಸರು ಆರ್ಥೊಡಾಕ್ಸ್ ಸಂಪ್ರದಾಯದ್ದು. ಬೋಸ್ನಿಯಾದ ನಡುನಾಡಿನಲ್ಲಿ ರೋಮೂ ಒಪ್ಪದ, ಕಾನ್‌ಸ್ಟಾಂಟಿನೋಪಲ್ ಕೂಡ ಒಪ್ಪದ ‘ಬೋಸ್ನಿಯಾ ಚರ್ಚ್’ ಬೇರೂರಿದ್ದಾಗ ಈ ಅಂಚಿನ ಝೂಪಾದಲ್ಲಿ ನಂಬಿಕೆಯ ಚಿತ್ರ ಬೇರೆಯೇ ಇತ್ತು. ರಾದಾಚಾಳ ಮುಖವಾಗಲಿ ಮಾತಾಗಲಿ ನಮಗೆ ಸಿಗದು, ನಿಜ. ಆದರೂ ಮಧ್ಯಯುಗದ ಒಂದು ಹಳ್ಳಿನಾಡಿನ ಹೆಣ್ಣು ಹೆಸರು ಸಮೇತ, ಬಂಧುಬಳಗ ಸಮೇತ ನಮ್ಮೆದುರು ನಿಲ್ಲುವುದು ಎಷ್ಟು ಅಪರೂಪವೆಂದು ಚರಿತ್ರೆ ಓದುವ ಯಾರಿಗೂ ಗೊತ್ತು.

ಬರಹವಿಲ್ಲದ ಕಲ್ಲುಗಳೇ ಹೆಚ್ಚು. ಸ್ಟೆಚಕ್ ಎಂದು ಕರೆಯುವ ಆ ಸಮಾಧಿಕಲ್ಲುಗಳು ಚಪ್ಪಡಿ, ಪೆಟ್ಟಿಗೆ, ಇಳಿಜಾರು ಮಾಡಿನ ಮನೆ, ಶಿಲುಬೆ ಹೀಗೆ ನಾನಾ ಆಕಾರಗಳಲ್ಲಿವೆ. ಬೋಸ್ನಿಯಾ, ಕ್ರೊಯೇಷಿಯಾ, ಮಾಂಟೆನೆಗ್ರೊ, ಸೆರ್ಬಿಯಾಗಳಲ್ಲಿ ಸೇರಿ ಸುಮಾರು 70,000 ಕಲ್ಲುಗಳನ್ನು ಗುರುತಿಸಲಾಗಿದೆ. ಬಹುಪಾಲು ಇರುವುದು ಬೋಸ್ನಿಯಾ ಮತ್ತು ಹರ್ಜೆಗೊವಿನಾದಲ್ಲೇ. 2016ರಲ್ಲಿ ನಾಲ್ಕು ದೇಶಗಳ 28 ತಾಣಗಳು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪೊಪೊವೊದ ಕಲ್ಲುಗಳನ್ನು ಊರೂರು ಸುತ್ತಿ ಅಳೆದು, ಎಣಿಸಿ, ಚಿತ್ರ ಬರೆದು ದಾಖಲಿಸಿದವರು ಶೆಫಿಕ್ ಬೆಶ್ಲಾಗಿಚ್. 1966ರಲ್ಲಿ ಈ ಒಂದು ಬಯಲಿನ ಬಗ್ಗೆಯೇ ಅವರು ಪ್ರತ್ಯೇಕ ಪುಸ್ತಕ ಹೊರತಂದರು. ಬೇಟೆಗಾರರು, ಜಿಂಕೆ, ಕೈಕೈ ಹಿಡಿದು ಕುಣಿಯುವ ಸಾಲು, ಗುರಾಣಿ ಮತ್ತು ಕತ್ತಿ, ಅರ್ಧಚಂದ್ರ, ದ್ರಾಕ್ಷಿ ಬಳ್ಳಿ. ಹರ್ಜೆಗೊವಿನಾದ ಸ್ಟೆಚಕ್‌ಗಳ ಕೆತ್ತನೆಯೆಂದರೆ ಇವು.

19ನೇ ಶತಮಾನದಲ್ಲಿ ಪ್ರವಾಸಿ ಬರಹಗಾರರು ಈ ಕಲ್ಲುಗಳನ್ನೆಲ್ಲ ‘ಬೊಗೊಮಿಲ’ ಎಂಬ ಪಾಷಂಡ ಪಂಥಕ್ಕೆ ಕಟ್ಟಿಹಾಕಿದರು. ಕೇಳಲು ರೋಚಕವಾದ ಕಥೆ, ಹಾಗಾಗಿ ಬಹುಕಾಲ ಬಾಳಿತು. ಅದು ಸರಿಯಲ್ಲ. ಕ್ಯಾಥೊಲಿಕರು, ಆರ್ಥೊಡಾಕ್ಸರು, ಬೋಸ್ನಿಯಾ ಚರ್ಚಿನವರು ಎಲ್ಲರೂ ಇಂಥ ಕಲ್ಲುಗಳಡಿ ಮಲಗಿದ್ದಾರೆ. ಜಿಂಕೆ ಕೆತ್ತಿಸಿಕೊಂಡವನ ಧರ್ಮ ಯಾವುದೆಂದು ಜಿಂಕೆ ಹೇಳುವುದಿಲ್ಲ. ಅವನ ಬಳಿ ದುಡ್ಡಿತ್ತು ಎಂದು ಹೇಳುತ್ತದೆ. ಗುಡ್ಡದಿಂದ ಟನ್‌ಗಟ್ಟಲೆ ತೂಕದ ಬಂಡೆ ಸೀಳಿ, ಚಳಿಗಾಲದಲ್ಲೋ ಬೇಸಿಗೆಯಲ್ಲೋ ಎತ್ತುಗಳಿಂದ ಎಳೆಸಿ, ಕೆತ್ತುವವನಿಗೆ ಕೂಲಿ ಕೊಡುವಷ್ಟು ದುಡ್ಡು. ಹಾಗಿದ್ದರೆ ಪ್ರವಾಹದ ಬಯಲಿನ ಈ ಝೂಪಾಕ್ಕೆ ಆ ದುಡ್ಡು ಎಲ್ಲಿಂದ ಬಂತು?

ಬಂದದ್ದು ಮುಖ್ಯವಾಗಿ ದಾರಿಯಿಂದ, ಆ ದಾರಿಯಲ್ಲಿ ಸಾಗಿದ ಉಪ್ಪಿನಿಂದ. 1333ರಲ್ಲಿ ಡುಬ್ರೊವ್ನಿಕ್ ನಗರ ಸ್ತೋನ್ ಮತ್ತು ಪೆಲ್ಯೆಶಾತ್ಸ್ ಅನ್ನು ಖರೀದಿಸಿತು. ಆ ನೆಲದ ಮೇಲೆ ಹಕ್ಕು ಹೇಳುವವರು ಇಬ್ಬರಿದ್ದರು. ಚತುರ ವರ್ತಕರು ಸೆರ್ಬಿಯಾದ ದೊರೆಗೂ ಬೋಸ್ನಿಯಾದ ಬಾನ್‌ಗೂ ವರ್ಷಕ್ಕೆ ತಲಾ 500 ಪೆರ್ಪೆರ್ ನಾಣ್ಯ ಕೊಡುವುದಾಗಿ ಒಪ್ಪಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದರು. ಸ್ತೋನ್‌ನ ಉಪ್ಪಿನ ಗದ್ದೆಗಳು ನಗರದ ಆದಾಯದ ದೊಡ್ಡ ಮೂಲವಾದವು. ಒಳನಾಡಿನ ಗುಡ್ಡಗಾಡುಗಳಲ್ಲಿ ಉಪ್ಪು ಹುಟ್ಟುವುದಿಲ್ಲ. ಸಾವಿರಾರು ಕುರಿ ದನ ಇದ್ದಲ್ಲಿ ಉಪ್ಪಿಲ್ಲದೆ ನಡೆಯುವುದಿಲ್ಲ. ಕರಾವಳಿಯಿಂದ, ಸ್ಲಾನೊದ ಕಡೆಯಿಂದ ಗುಡ್ಡ ಹತ್ತಿ ಇಳಿದರೆ ಮೊದಲು ಸಿಗುವ ಬಯಲೇ ಪೊಪೊವೊ. ಕುದುರೆಗಳ ಸಾಲುಗಳು ಉಪ್ಪು, ಬಟ್ಟೆ ಹೇರಿಕೊಂಡು ಒಳಗೆ ಹೋಗುತ್ತಿದ್ದವು. ಗಿಣ್ಣು, ಚರ್ಮ, ಜೇನುಮೇಣ, ಜಾನುವಾರು ಹೊರಗೆ ಬರುತ್ತಿದ್ದವು. ಕುದುರೆ ಹೊಡೆಯುವವರು ಹೆಚ್ಚಾಗಿ ವ್ಲಾಹ್ ಜನ, ಬೇಸಿಗೆಗೆ ಎತ್ತರದ ಹುಲ್ಲುಗಾವಲಿಗೂ ಚಳಿಗಾಲಕ್ಕೆ ಕರಾವಳಿಯ ಬೆಚ್ಚಗಿನ ಮೂಲೆಗೂ ಹೋಗಿಬರುತ್ತಿದ್ದ ಕುರಿಗಾಹಿಗಳು. ಆ ದಾರಿ ಅವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ದಾರಿಯಿದ್ದಲ್ಲಿ ಸುಂಕ, ಸುಂಕವಿದ್ದಲ್ಲಿ ಜಗಳ. ಒಳನಾಡಿನ ಒಡೆಯರಿಗೂ ಡುಬ್ರೊವ್ನಿಕ್‌ಗೂ ನಡೆದ ತಂಟೆಗಳಲ್ಲಿ ಸುಂಕದ ಮಾತು ಪದೇಪದೇ ಬರುತ್ತದೆ.

ಪೊಪೊವೊದ ಜನ ತಮ್ಮ ಕಥೆ ತಾವು ಬರೆದಿಟ್ಟುಕೊಳ್ಳಲಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಡುಬ್ರೊವ್ನಿಕ್‌ನ ಕಡತಗಳಿಂದ ಬಂದದ್ದು. ಅಲ್ಲಿಯ ನೋಟರಿಗಳ ದಾಖಲೆ ಪುಸ್ತಕಗಳು 1278ರಿಂದ ಶುರುವಾಗುತ್ತವೆ. ಸಾಲದ ಪತ್ರ, ವರದಕ್ಷಿಣೆ, ಉಯಿಲು, ಕಳ್ಳತನದ ದೂರು, ಕೆಲಸಕ್ಕೆ ಸೇರಿದ ಹುಡುಗನ ಒಪ್ಪಂದ ಎಲ್ಲವೂ ಅವುಗಳಲ್ಲಿವೆ. ಒಳನಾಡಿನ ರೈತ ಈ ಪುಟಗಳಿಗೆ ಬರುವುದು ಯಾವಾಗ? ದನ ಕದ್ದನೆಂಬ ಆಪಾದನೆ ಬಂದಾಗ, ಸಾಲ ತೀರಿಸದಿದ್ದಾಗ, ಮಗಳನ್ನು ನಗರದ ಮನೆಯೊಂದಕ್ಕೆ ಕೆಲಸಕ್ಕೆ ಬಿಟ್ಟಾಗ. ನಗರದ ಕಣ್ಣಿಗೆ ಕಂಡಷ್ಟೇ ಅವನು ಚರಿತ್ರೆಯಲ್ಲಿ ಉಳಿದಿದ್ದಾನೆ. ಈ ಕಡತಗಳನ್ನೇ ಜಾಲಾಡಿ ಮಿಹಾಯ್ಲೊ ದಿನಿಚ್ 1967ರಲ್ಲಿ ಹುಮ್ ಮತ್ತು ಟ್ರೆಬಿನ್ಯೆ ಸೀಮೆಯ ಕುಲೀನ ಮನೆತನಗಳ ಚರಿತ್ರೆ ಕಟ್ಟಿಕೊಟ್ಟರು. ಒಡೆಯರ ವಂಶಾವಳಿ ಅದರಲ್ಲಿ ಸ್ಪಷ್ಟವಾಗುತ್ತದೆ. ಉಳುವವನದು ಆಗುವುದಿಲ್ಲ.

ಆ ಕಡತಗಳಲ್ಲಿ ಓದಲು ಮನಸ್ಸು ಹಿಂಜರಿಯುವ ಪುಟಗಳೂ ಇವೆ. 13ನೇ ಶತಮಾನದ ಕೊನೆಯ ದಶಕಗಳ ನೋಟರಿ ಪುಸ್ತಕಗಳಲ್ಲಿ ಬೋಸ್ನಿಯಾದಿಂದ ತಂದು ಮಾರಿದ ಗುಲಾಮರ ಕ್ರಯಪತ್ರಗಳು ಸಾಲುಸಾಲಾಗಿವೆ; ಮಾರಾಟವಾದವರಲ್ಲಿ ಹೆಂಗಸರೇ ಹೆಚ್ಚು. ಕೆಲವರನ್ನು ಬೋಸ್ನಿಯಾದ ‘ಪಾಷಂಡಿಗಳು’ ಎಂದು ಕರೆದು ಮಾರಾಟಕ್ಕೆ ನೆಪ ಹುಡುಕಲಾಗುತ್ತಿತ್ತು. ನೆರೆತ್ವಾ ನದಿಯ ಕೆಳಭಾಗದ ದ್ರಿಯೆವಾ ಈ ವ್ಯಾಪಾರದ ದೊಡ್ಡ ಸಂತೆ, ಪೊಪೊವೊದಿಂದ ದೂರವೇನಲ್ಲ. 1416ರ ಜನವರಿಯಲ್ಲಿ ಡುಬ್ರೊವ್ನಿಕ್ ತನ್ನ ಪ್ರಜೆಗಳಿಗೆ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಯುರೋಪಿನಲ್ಲಿ ಅಷ್ಟು ಮುಂಚೆ ಅಂಥ ಕಾನೂನು ತಂದ ನಗರವೆಂದು ಅದನ್ನು ಹೊಗಳುವುದುಂಟು. ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಅದಕ್ಕೆ ಮುಂಚಿನ ಒಂದೂವರೆ ಶತಮಾನ ಒಳನಾಡಿನ ಬಡವರ ಮಕ್ಕಳು ಯಾವ ಬೆಲೆಗೆ ಹೋದರೆಂದು ಬರೆದಿಟ್ಟಿರುವುದೂ ಅದೇ ನಗರದ ಪುಸ್ತಕಗಳಲ್ಲಿ. ಎರಡನ್ನೂ ಒಟ್ಟಿಗೆ ಓದಬೇಕು.

15ನೇ ಶತಮಾನದ ರಾಜಕೀಯ ಬೇಗ ಹೇಳಿ ಮುಗಿಸಬಹುದು. ಸಾಂಕೊನ ಮಕ್ಕಳಾದ ರಾದಿಚ್ ಮತ್ತು ಬೆಲ್ಯಾಕ್ 1391ರಲ್ಲಿ ಕೊನಾವ್ಲೆ ಸೀಮೆಯನ್ನು ಡುಬ್ರೊವ್ನಿಕ್‌ಗೆ ಕೊಡಲು ಹೊರಟು ಉಳಿದ ಪಾಳೆಯಗಾರರ ಸಿಟ್ಟಿಗೆ ತುತ್ತಾದರು. 1404ರಲ್ಲಿ ರಾದಿಚ್ ಸಾಂಕೊವಿಚ್, ಕೊಸಾಚಾ ವಂಶದ ಸಾಂದಾಲ್ ಹ್ರಾನಿಚ್‌ನ ಸೆರೆಯಲ್ಲಿ ಸತ್ತ. ಪೊಲಿಹ್ರಾನಿಯಾಳ ತವರಿನ ಬಲ ಅಲ್ಲಿಗೆ ಕುಸಿಯಿತು. ಹುಮ್ ಕೊಸಾಚಾ ವಂಶದ ಪಾಲಾಯಿತು. ಸಾಂದಾಲ್‌ನ ನಂತರ ಬಂದ ಸ್ತ್ಯೆಪಾನ್ ವುಕ್ಚಿಚ್ ಕೊಸಾಚಾ 1448ರಲ್ಲಿ ‘ಹೆರ್ತ್ಸೆಗ್’ (ಡ್ಯೂಕ್) ಬಿರುದು ಧರಿಸಿದ. ಅದರಿಂದಲೇ ಹರ್ಜೆಗೊವಿನಾ ಎಂಬ ಹೆಸರು ನಿಂತಿತು. 1451ರಲ್ಲಿ ಅವನು ಡುಬ್ರೊವ್ನಿಕ್ ಮೇಲೆ ಯುದ್ಧ ಹೂಡಿದ. ನಗರ ಅವನ ತಲೆಗೆ 15,000 ಡುಕಾಟ್ ಇನಾಮು ಘೋಷಿಸಿತು. ಇಂಥ ಯುದ್ಧಗಳಲ್ಲಿ ಎರಡೂ ಕಡೆಯ ದಂಡು ನಡೆದುಹೋಗುವುದು ಗಡಿ ಝೂಪಾಗಳ ಹೊಲಗಳ ಮೇಲೆ. 1460ರ ದಶಕದಲ್ಲಿ ಒಟ್ಟೊಮನ್ನರು ಹರ್ಜೆಗೊವಿನಾದ ಬಹುಭಾಗವನ್ನು ಹಿಡಿದರು. ಕರಾವಳಿಯ ಕೊನೆಯ ಕೋಟೆ ಹೆರ್ತ್ಸೆಗ್ ನೋವಿ 1482ರಲ್ಲಿ ಬಿತ್ತು.

ಹೊಸ ದೊರೆತನ ಮೊದಲು ಮಾಡಿದ ಕೆಲಸ ಎಣಿಕೆ. 1477ರ ಕಂದಾಯ ದಫ್ತರಿನಲ್ಲಿ ಹರ್ಜೆಗೊವಿನಾ ಪ್ರಾಂತದ, ಅಂದರೆ ಸಂಜಾಕ್‌ನ ಊರುಗಳು, ಮನೆಯೊಡೆಯರ ಹೆಸರುಗಳು, ಅವರು ಕೊಡಬೇಕಾದ ತೆರಿಗೆ ದಾಖಲಾದವು. ಅಹ್ಮದ್ ಆಲಿಚಿಚ್ ಅದನ್ನು ತುರ್ಕಿಯಿಂದ ಅನುವಾದಿಸಿ ಪ್ರಕಟಿಸಿದ್ದಾರೆ. ಅರಸರ ಕಾಲದಲ್ಲಿ ನಗರದ ಕಡತಗಳ ಅಂಚಿನಲ್ಲಿ ಇಣುಕುತ್ತಿದ್ದ ರೈತ ಇಲ್ಲಿ ಮೊದಲ ಬಾರಿಗೆ ತನ್ನ ಹೆಸರಿನಲ್ಲಿ, ತನ್ನ ಊರಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತಾನೆ. ತೆರಿಗೆ ಕಟ್ಟುವವನಾಗಿಯೇ ಆದರೂ. ಹಳೆಯ ಝೂಪಾಗಳು ‘ನಾಹಿಯಾ’ಗಳಾದವು, ಪೊಪೊವೊ ಕೂಡ ಒಂದು ನಾಹಿಯಾ. ಇದು ಬರೀ ಹೆಸರಿನ ಬದಲಾವಣೆ. ಕೇಂದ್ರ ಯಾವುದೇ ಆಗಿರಲಿ, ಗುಮಾಸ್ತ ಬಂದು ಬಯಲಿನ ದಡದಲ್ಲಿ ನಿಂತು ನೋಡಿದರೆ ಘಟಕ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಕಣ್ಣಿಗೇ ಕಾಣುತ್ತಿತ್ತು.

ಒಟ್ಟೊಮನ್ ಕಾಲದ ಪೊಪೊವೊ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಗುಹೆಯೊಂದಕ್ಕೆ ಒತ್ತಿ ಕಟ್ಟಿದ ಜಾವಾಲಾ ಮಠದ ಮೊದಲ ಲಿಖಿತ ಉಲ್ಲೇಖ 1514ರದು. ಒಂದು ದ್ರಾಕ್ಷಿತೋಟದ ಖರೀದಿಯ ಸಂಬಂಧ. 1619ರಲ್ಲಿ ಗಿಯೋರ್ಗಿಯೆ ಮಿತ್ರೊಫಾನೊವಿಚ್ ಅದರ ಗೋಡೆಗಳಿಗೆ ಚಿತ್ರ ಬರೆದ. ಇಡೀ ಬಾಲ್ಕನ್ ಸೀಮೆಯ ಆರ್ಥೊಡಾಕ್ಸರು ಇಂದಿಗೂ ಹರಕೆ ಹೊರುವ ಸಂತ ವಾಸಿಲಿಯೆ ಓಸ್ತ್ರೊಶ್ಕಿ ಹುಟ್ಟಿದ್ದು ಇದೇ ಬಯಲಿನ ಮ್ರ್ಕೊನ್ಯಿಚಿಯಲ್ಲಿ, ಬಾಲ್ಯದಲ್ಲಿ ಓದು ಕಲಿತದ್ದು ಜಾವಾಲಾದಲ್ಲಿ, ಸನ್ಯಾಸ ತೆಗೆದುಕೊಂಡದ್ದು ಟ್ರೆಬಿನ್ಯೆ ಬಳಿಯ ತ್ವ್ರ್ದೊಶ್ ಮಠದಲ್ಲಿ. ಅದೇ ದಡದ ರಾವ್ನೊ ಕ್ಯಾಥೊಲಿಕ್ ಊರು. ಒಂದೇ ನೀರಿನ ಸುತ್ತ ಎರಡು ಪಂಗಡ ಶತಮಾನಗಳ ಕಾಲ ಬಾಳಿದವು.

1901ರಲ್ಲಿ ಆಸ್ಟ್ರಿಯಾ-ಹಂಗರಿ ಈ ಬಯಲಿನ ಅಂಚಿನಲ್ಲೇ ಕಿರುಹಳಿ ರೈಲು ಓಡಿಸಿತು. 1976ರಲ್ಲಿ ಅದು ನಿಂತು, ಈಗ ಹಳಿ ಇದ್ದ ಜಾಗದಲ್ಲಿ ಸೈಕಲ್ ಸವಾರರು ಹೋಗುತ್ತಾರೆ. ಗಮನಿಸಬೇಕಾದದ್ದು ಇಷ್ಟೇ: ಸಾಮ್ರಾಜ್ಯದ ಎಂಜಿನಿಯರುಗಳೂ ನೀರಿನ ಗೆರೆಯನ್ನು ಒಪ್ಪಿಕೊಂಡು ಹಳಿ ಹಾಕಿದರು.

ಒಪ್ಪದೆ ಹೋದದ್ದು ಯುಗೊಸ್ಲಾವಿಯಾ. 1960ರ ದಶಕದಲ್ಲಿ ಮೇಲ್ಭಾಗದಲ್ಲಿ ಗ್ರಾಂಚಾರೆವೊ ಅಣೆಕಟ್ಟು ಎದ್ದಿತು. ಸುರಂಗದ ಮೂಲಕ ನೀರು ಡುಬ್ರೊವ್ನಿಕ್ ಕಡೆಯ ವಿದ್ಯುತ್ ಸ್ಥಾವರಕ್ಕೆ ಹರಿಯಿತು. 1979ರ ಹೊತ್ತಿಗೆ ಪೊಪೊವೊ ಬಯಲಿನ ಉದ್ದಕ್ಕೂ 60 ಕಿಲೊಮೀಟರಿಗೂ ಹೆಚ್ಚು ದೂರ ನದಿಯ ಪಾತ್ರಕ್ಕೆ ಕಾಂಕ್ರೀಟ್ ಬಳಿಯಲಾಯಿತು, ಬಿಲಗಳು ನೀರು ಕುಡಿಯದಂತೆ. ಆ ನೀರು ಬಯಲಿನ ಕೆಳತುದಿಯಿಂದ ಚಾಪ್ಲ್ಯಿನಾ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. ವರ್ಷ ವರ್ಷ ಬರುತ್ತಿದ್ದ ಕೆರೆ ಬರುವುದು ನಿಂತಿತು. ವಿದ್ಯುತ್ ಬಂತು, ಹೊಲ ವರ್ಷಪೂರ್ತಿ ಒಣಗಿ ನಿಂತಿತು, ಪ್ರವಾಹದ ಭಯ ಹೋಯಿತು. ಇವು ಸಣ್ಣ ಲಾಭಗಳಲ್ಲ. ಬೆಳೆ ಕೊಚ್ಚಿಹೋಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಮೆಕ್ಕಲು ಬರುವುದೂ ನಿಂತಿತು. ಗಾವಿತ್ಸಾ ಮೇಯಲು ಹೊರಬರುತ್ತಿದ್ದ ನೀರೇ ಇಲ್ಲವಾಗಿ ಅದರ ಸಂತತಿ ಕುಗ್ಗಿತು. ಬಿಲದ ಬಾಯಿಯಲ್ಲಿ ಕೂಳಿ ಒಡ್ಡುವ ಕಸುಬು ಮುಗಿಯಿತು. ನೆಮಾನ್ಯಿಚರು, ಕೊತ್ರೊಮಾನಿಚರು, ಕೊಸಾಚರು, ಒಟ್ಟೊಮನ್ನರು, ಹಾಬ್ಸ್‌ಬರ್ಗರು ಸೇರಿ ಎಂಟು ಶತಮಾನಗಳಲ್ಲಿ ಮಾಡದ ಬದಲಾವಣೆಯನ್ನು ಈ ಕಾಂಕ್ರೀಟ್ ಎರಡು ದಶಕಗಳಲ್ಲಿ ಮಾಡಿತು. ಪೊಪೊವೊದ ಮಧ್ಯಯುಗ ನಿಜವಾಗಿ ಮುಗಿದದ್ದು 1463ರಲ್ಲಲ್ಲ, 1979ರಲ್ಲಿ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಯುಗೊಸ್ಲಾವಿಯಾ ಒಡೆದು ಯುದ್ಧ. 1991ರ ಅಕ್ಟೋಬರಿನಲ್ಲಿ ಡುಬ್ರೊವ್ನಿಕ್ ಮೇಲೆ ದಾಳಿಗೆ ಹೊರಟ ಯುಗೊಸ್ಲಾವ್ ಸೇನೆ ರಾವ್ನೊವನ್ನು ನಾಶಮಾಡಿತು. ಬೋಸ್ನಿಯಾದ ಯುದ್ಧ ಅಧಿಕೃತವಾಗಿ ಶುರುವಾಗಲು ಇನ್ನೂ ತಿಂಗಳುಗಳಿದ್ದವು. ಜಾವಾಲಾ ಮಠವೂ ಆ ವರ್ಷಗಳಲ್ಲಿ ಹಾನಿಗೊಳಗಾಯಿತು. ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದದ ಗೆರೆ ಬಯಲನ್ನು ಅಡ್ಡಲಾಗಿ ಸೀಳಿತು: ರಾವ್ನೊ ಕಡೆಯ ಭಾಗ ಬೋಸ್ನಿಯಾ ಮತ್ತು ಹರ್ಜೆಗೊವಿನಾ ಫೆಡರೇಶನ್‌ಗೆ, ಟ್ರೆಬಿನ್ಯೆ ಕಡೆಯ ಭಾಗ ಸೆರ್ಬ್ ಗಣರಾಜ್ಯಕ್ಕೆ. ಸಮಾಧಿಕಲ್ಲುಗಳ ಉಸ್ತುವಾರಿ, ಶಾಲೆ, ಜಮೀನಿನ ದಾಖಲೆ ಎರಡು ಆಡಳಿತಗಳಲ್ಲಿ ಹಂಚಿಹೋಗಿವೆ. ವೆಲಿಚಾನಿಯೂ ರಾವ್ನೊವೂ ಒಂದೇ ಝೂಪಾದ ಊರುಗಳೆಂದು ಇಂದಿನ ಆಡಳಿತ ನಕ್ಷೆ ನೋಡಿ ಯಾರೂ ಹೇಳಲಾರರು.

ಜಾವಾಲಾದ ಬಳಿ ವ್ಯೆತ್ರೆನಿತ್ಸಾ ಎಂಬ ಗುಹೆಯಿದೆ. ಬೇಸಿಗೆಯಲ್ಲಿ ಅದರ ಬಾಯಿಂದ ತಣ್ಣನೆಯ ಗಾಳಿ ರಭಸವಾಗಿ ಬೀಸುತ್ತದೆ. ಗುಹೆಯ ಆಸುಪಾಸಿನಲ್ಲೂ ಸ್ಟೆಚಕ್‌ಗಳಿವೆ. ಸುಮಾರು ಏಳು ಕಿಲೊಮೀಟರ್ ಉದ್ದದ ಈ ಗುಹೆ, ಕತ್ತಲಲ್ಲೇ ಬದುಕುವ ಜೀವಿಗಳ ವೈವಿಧ್ಯಕ್ಕೆ ಜಗತ್ತಿನಲ್ಲೇ ಹೆಸರಾದದ್ದು. ಕಣ್ಣು ಕಾಣದ, ತೆಳುಗುಲಾಬಿ ಬಣ್ಣದ ಓಲ್ಮ್ ಎಂಬ ಉಭಯಚರವೂ ಅಲ್ಲಿದೆ. 2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ ವ್ಯೆತ್ರೆನಿತ್ಸಾವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳಿಗೂ ಮನ್ನಣೆ ಸಿಕ್ಕಿದ್ದು ಅದೇ ಅಧಿವೇಶನದಲ್ಲಿ. ಗುಹೆಗೆ ಈಗ ರಕ್ಷಣೆ ಇದೆ. ಆದರೆ ಗುಹೆಯ ಜೀವಿಗಳು ಬದುಕಿರುವುದು ಬಯಲಿನಡಿಯ ನೀರಿನ ಏರಿಳಿತವನ್ನು ನಂಬಿ, ಆ ಏರಿಳಿತವನ್ನು ಇಂದು ನಿರ್ಧರಿಸುವುದು ವಿದ್ಯುತ್ ಸಂಸ್ಥೆಗಳು. ‘ಮೇಲ್ಕ್ಷಿತಿಜ’ ಎಂಬ ಹೆಸರಿನ ಯೋಜನೆಯಡಿ ಉತ್ತರದ ನೆವೆಸಿನ್ಯೆ, ದಾಬಾರ್ ಬಯಲುಗಳ ನೀರನ್ನೂ ಸುರಂಗಗಳ ಮೂಲಕ ತ್ರೆಬಿಶ್ನಿತ್ಸಾ ಕಡೆಗೆ ತಿರುಗಿಸುವ ಕೆಲಸ ನಡೆದಿದೆ. ತಮ್ಮ ಬುಗ್ಗೆಗಳು ಬತ್ತುತ್ತವೆ ಎಂದು ನೆರೆತ್ವಾ ಕಣಿವೆಯ ಜನ ಅದನ್ನು ವಿರೋಧಿಸುತ್ತಿದ್ದಾರೆ. ನೆವೆಸಿನ್ಯೆಯೂ ದಾಬಾರ್ ಕೂಡ ಹುಮ್‌ನ ಹಳೆಯ ಸೀಮೆಗಳೇ. ಪೊಪೊವೊಗೆ ಆದದ್ದು ಏನೆಂದು ಅಲ್ಲಿಯವರು ಬಲ್ಲರು.